ಕಲ್ಯಾಣ ಕೊಟ್ಟ ಎರಡು ಉತ್ತರಗಳು

ಪುಣೆಯಿಂದ ಹೈದರಾಬಾದಿಗೆ ರಸ್ತೆಯಲ್ಲಿ ಹೋದವರೆಲ್ಲ ನಮ್ಮ ಹುಮನಾಬಾದನ್ನು ದಾಟಿಯೇ ಹೋಗಿರುತ್ತೀರಿ. ಹೆಚ್ಚಿನವರು ನಿದ್ದೆಗಣ್ಣಲ್ಲಿ ದಾಟಿರುತ್ತೀರಿ, ಅದು ಬೇರೆ ಮಾತು :-) ಸೊಲ್ಲಾಪುರ, ಉಮರ್ಗಾ ಕಳೆದ ಮೇಲೆ ಹೆದ್ದಾರಿ ಕರ್ನಾಟಕದ ಒಂದು ತುದಿಯನ್ನು ಸವರಿಕೊಂಡು ತೆಲಂಗಾಣಕ್ಕೆ ಹೋಗುತ್ತದೆ. ಆ ತುದಿಯಲ್ಲಿ ಮೊದಲು ಬಸವಕಲ್ಯಾಣಕ್ಕೆ ಹೋಗುವ ತಿರುವು, ಆಮೇಲೆ ಹುಮನಾಬಾದ್. ಬೀದರ್–ಕಲಬುರಗಿ ರಸ್ತೆ ಹೆದ್ದಾರಿಯನ್ನು ಕೂಡುವುದೂ ಇಲ್ಲೇ. ಹಾಗಾಗಿ ಇದು ಬರುವವರಿಗಿಂತ ಹೋಗುವವರ ಊರು. ಹೈದರಾಬಾದಿಗೆ ಕಟ್ಟಡ ಕೆಲಸಕ್ಕೆ, ಪುಣೆ-ಮುಂಬೈಗೆ ಕೂಲಿಗೆ, ಬೆಂಗಳೂರಿಗೆ ಸೆಕ್ಯುರಿಟಿ ಕೆಲಸಕ್ಕೆ, ಡೆಲಿವರಿ ಕೆಲಸಕ್ಕೆ... ನನ್ನಂಥವರು ಸಾಫ್ಟ್‌ವೇರಿಗೆ.

ಹೀಗೆ ಊರು ಬಿಡುವ ಎಲ್ಲರ ತಲೆಯಲ್ಲೂ ಇರುವುದು ಒಂದೇ ಪ್ರಶ್ನೆ. ಇವತ್ತು ದುಡಿದೆ ಸರಿ, ನಾಳೆ? ಕೈಕಾಲು ಬಿದ್ದರೆ? ಕೆಲಸ ಕೊಟ್ಟವನು ನಾಳೆಯಿಂದ ಬೇಡ ಅಂದುಬಿಟ್ಟರೆ? ಅರ್ಥಶಾಸ್ತ್ರದವರು ಇದಕ್ಕೆ 'ಆರ್ಥಿಕ ಭದ್ರತೆ' ಅಂತ ಹೆಸರಿಟ್ಟಿದ್ದಾರೆ. ನಮ್ಮ ಕಡೆ ಅಷ್ಟು ದೊಡ್ಡ ಹೆಸರಿಲ್ಲ, 'ನಾಳಿನ ಗತಿ ಏನು' ಅಂತಾರೆ, ಅಷ್ಟೇ.

ಈ ಪ್ರಶ್ನೆ 1991ರ ಉದಾರೀಕರಣದ ಜತೆ ಹುಟ್ಟಿದ್ದು ಅಂದುಕೊಂಡವರು ಬಹಳ ಜನ. ಆದರೆ ಹುಮನಾಬಾದಿನಿಂದ ಮುಕ್ಕಾಲು ಗಂಟೆ ದಾರಿಯ ಬಸವಕಲ್ಯಾಣದಲ್ಲಿ ಇದಕ್ಕೆ ಸುಮಾರು ನೂರು ವರ್ಷದ ಅವಧಿಯಲ್ಲಿ ಎರಡು ಉತ್ತರ ಹುಟ್ಟಿದವು. ಮನುಷ್ಯನ ಭದ್ರತೆ ಅವನ ಹುಟ್ಟಿನಿಂದ ಬರುತ್ತದೆ ಅಂತ ಒಂದು. ಅವನ ದುಡಿಮೆಯಿಂದ, ಜತೆಯವರ ದುಡಿಮೆಯ ಪಾಲಿನಿಂದ ಬರುತ್ತದೆ ಅಂತ ಇನ್ನೊಂದು. ನನ್ನ ಓದು ಇಂಜಿನಿಯರಿಂಗು, ಇತಿಹಾಸ ಬರೀ ವೀಕೆಂಡಿನ ಹುಚ್ಚು. ಆದರೂ ಈ ಎರಡು ಉತ್ತರಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿತ್ತು. ಮೊದಲನೆಯದನ್ನು ಬಸವಕಲ್ಯಾಣದವರೇ ಮರೆತಿದ್ದೇವೆ, ಎರಡನೆಯದನ್ನು ಬೋರ್ಡಿಗೆ ಬರೆಸಿ ಮರೆತಿದ್ದೇವೆ.

*

ಮೊದಲು ಊರಿನ ಪರಿಚಯ ಆಗಲಿ. ಚಾಲುಕ್ಯರ ಒಂದನೇ ಸೋಮೇಶ್ವರ (1042-1068) ಮಾನ್ಯಖೇಟದಿಂದ ರಾಜಧಾನಿಯನ್ನು ಕಲ್ಯಾಣಕ್ಕೆ ತಂದ. ಅವನ ಮಗ ಆರನೇ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದು ತನ್ನ ಹೆಸರಿನಲ್ಲೇ ಹೊಸ ಶಕೆ ಶುರುಮಾಡಿ ಐವತ್ತು ವರ್ಷ ಆಳಿದ. ಕಾಶ್ಮೀರದ ಕವಿ ಬಿಲ್ಹಣ ಅಲ್ಲಿಂದ ಇಲ್ಲಿಯವರೆಗೆ ಕೆಲಸ ಹುಡುಕಿಕೊಂಡು ಬಂದು, ಈ ರಾಜನ ಮೇಲೆ 'ವಿಕ್ರಮಾಂಕದೇವಚರಿತ' ಬರೆದ. ಆಗ ಉತ್ತರದವರು ಕೆಲಸಕ್ಕೆ ಬೀದರ್ ಕಡೆಗೆ ಬರುತ್ತಿದ್ದರು ನೋಡಿ!

ವ್ಯಾಪಾರವೂ ಹಾಗೇ ಇತ್ತು. ಅಯ್ಯಾವೊಳೆ ಐನೂರ್ವರು (ಇವತ್ತಿನ ಐಹೊಳೆ) ಎಂಬ ವರ್ತಕರ ಸಂಘದ ಶಾಸನಗಳು ಕರ್ನಾಟಕದ ತುಂಬಾ ಇವೆ. ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯ ಶಾಸನದಲ್ಲಿ ಇವರು ನೆಲದ ದಾರಿ, ನೀರಿನ ದಾರಿ ಎರಡರಲ್ಲೂ ತಿರುಗುವವರು, ಆನೆ, ಕುದುರೆ, ಮುತ್ತು, ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿ ಮಾರುವವರು ಅಂತ ಉದ್ದನೆಯ ವರ್ಣನೆ ಇದೆ. ಇದೇ ಐನೂರ್ವರ 1088ರ ಒಂದು ತಮಿಳು ಶಾಸನ ಸುಮಾತ್ರಾ ದ್ವೀಪದ ಲೋಬು ತುವಾದಲ್ಲಿ ಸಿಕ್ಕಿದೆ. ಅಂದರೆ ವಿಕ್ರಮಾದಿತ್ಯ ಕಲ್ಯಾಣದಲ್ಲಿ ಆಳುತ್ತಿದ್ದ ಕಾಲದಲ್ಲೇ ಈ ಸಂಘದ ಜಾಲ ಹಿಂದೂ ಮಹಾಸಾಗರದ ಆಚೆ ದಡ ಮುಟ್ಟಿತ್ತು. ಇದನ್ನು ಜಾಗತೀಕರಣ ಅನ್ನದೆ ಏನನ್ನಬೇಕು?

ಈ ವರ್ತಕರಿಗೆ ತಮ್ಮದೇ ಕಟ್ಟಳೆ ಇತ್ತು, ಬಣಂಜು ಧರ್ಮ ಅಂತ. ದಾರಿಯಲ್ಲಿ ರಕ್ಷಣೆಗೆ ಕಾವಲಿನವರಿದ್ದರು. ಎಣ್ಣೆ ತೆಗೆಯುವ ತೆಲ್ಲಿಗರಂಥವರೂ ಒಟ್ಟಾಗಿ ದೇವಸ್ಥಾನಕ್ಕೆ ದತ್ತಿ ಬಿಟ್ಟ ಶಾಸನಗಳಿವೆ. ಸಂಘ ಇದ್ದವರಿಗೆ ಭದ್ರತೆ ಇತ್ತು. ಕಲ್ಲಿನಲ್ಲಿ ಹೆಸರಿಲ್ಲದವರು ಯಾರು ಅಂತ ಹುಡುಕಿದರೆ ಸಿಗುವವರು ಚಪ್ಪಲಿ ಹೊಲಿಯುವವರು, ಹಗ್ಗ ಹೊಸೆಯುವವರು, ಬತ್ತ ಕುಟ್ಟುವ ಹೆಂಗಸರು, ಬಿದ್ದ ಅಕ್ಕಿ ಆಯುವವರು. ಇವರ ವಿಷಯಕ್ಕೆ ಆಮೇಲೆ ಬರೋಣ.

*

ಮೊದಲ ಉತ್ತರ ವಿಜ್ಞಾನೇಶ್ವರನದು. ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ ಈತ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ. ಪುಸ್ತಕದ ಕೊನೆಯಲ್ಲಿ ಕಲ್ಯಾಣದಂಥ ಊರಿಲ್ಲ, ವಿಕ್ರಮನಂಥ ರಾಜನಿಲ್ಲ ಅಂತ ಹೊಗಳಿ, ಅದೇ ಸಾಲಿನಲ್ಲಿ ತನ್ನನ್ನೂ ಸೇರಿಸಿಕೊಂಡಿದ್ದಾನೆ. (ಪ್ರೊಫೈಲ್ ಬರೆಯುವ ಕಲೆ ಆಗಲೇ ಇತ್ತು!)

ಮಿತಾಕ್ಷರಾ ಅಂದರೆ ಲಾ ಓದಿದವರಿಗೆ ನೆನಪಾಗುವುದು ಆಸ್ತಿ ಹಂಚಿಕೆ. ಆದರೆ ಅದರ ವ್ಯವಹಾರ ಭಾಗದಲ್ಲಿ ಕೂಲಿಗೆ ಸಂಬಂಧಿಸಿದ ಪ್ರಕರಣವೇ ಒಂದಿದೆ. ಅದನ್ನು ಓದಿದರೆ ನಮ್ಮ ಎಚ್.ಆರ್. ಪಾಲಿಸಿ ಓದಿದಂತೆ ಆಗುತ್ತದೆ. ಕೂಲಿ ಮುಂಗಡ ತಗೊಂಡು ಅರ್ಧಕ್ಕೆ ಕೆಲಸ ಬಿಟ್ಟರೆ ಎರಡರಷ್ಟು ಕಟ್ಟಬೇಕು (ನೋಟಿಸ್ ಪೀರಿಯಡ್!). ಹೇಳಿದ್ದಕ್ಕಿಂತ ಹೆಚ್ಚು ಕೆಲಸ ಮಾಡಿದರೆ ಹೆಚ್ಚು ಕೊಡಬೇಕು (ಇದು ಮಾತ್ರ ಯಾಕೋ ನಮ್ಮ ಪಾಲಿಸಿಗಳಲ್ಲಿ ಬಿಟ್ಟುಹೋಗಿದೆ). ಕೂಲಿ ಎಷ್ಟು ಅಂತ ಮೊದಲೇ ಮಾತಾಡದೆ ಯಾರಾದರೂ ದುಡಿಸಿಕೊಂಡರೆ, ವ್ಯಾಪಾರ, ದನ, ಬೆಳೆ - ಯಾವುದರಿಂದ ಬಂದ ಲಾಭವೋ ಅದರ ಹತ್ತನೇ ಒಂದು ಪಾಲನ್ನು ರಾಜನೇ ಕೆಲಸಗಾರನಿಗೆ ಕೊಡಿಸಬೇಕು. ವರ್ತಕರು ಒಳಗೊಳಗೇ ಸೇರಿಕೊಂಡು ಕುಶಲಕರ್ಮಿಗಳಿಗೆ ತೊಂದರೆಯಾಗುವಂತೆ ಬೆಲೆ ಕಟ್ಟಿದರೆ ಅತಿ ದೊಡ್ಡ ದಂಡ. ಬಲವಂತದಿಂದ ದಾಸನಾದವನನ್ನು ಬಿಡಿಸಬೇಕು.

ಒಂಬೈನೂರು ವರ್ಷದ ಹಿಂದೆ ನಮ್ಮೂರ ಪಕ್ಕ ಕೂತು ಒಬ್ಬರು ಈ ನಿಯಮಗಳಿಗೆ ವಿವರಣೆ ಬರೆಯುತ್ತಿದ್ದರು ಅಂದರೆ ಹೆಮ್ಮೆಯೇ. ಆದರೆ ಹೆಮ್ಮೆಯನ್ನು ಅಲ್ಲಿಗೇ ನಿಲ್ಲಿಸಬೇಕಾಗುತ್ತದೆ. ಯಾಕೆಂದರೆ ಅದೇ ಪ್ರಕರಣಗಳಲ್ಲಿ ದಾಸ್ಯ ವರ್ಣದ ಇಳಿಜಾರಿನಲ್ಲಿ ಮಾತ್ರ ನಡೆಯಬೇಕು, ಏರುಮುಖವಾಗಿ ನಡೆಯಬಾರದು ಎಂಬ ನಿಯಮವೂ ಇದೆ. ಮೇಲಿನವನ ಬಳಿ ಕೆಳಗಿನವನು ದಾಸನಾಗಬಹುದು, ತಿರುಗುಮುರುಗು ಆಗಕೂಡದು. ಕೂಲಿಗೆ ನ್ಯಾಯ ಉಂಟು, ಆದರೆ ಯಾರು ಯಾವ ಕೂಲಿ ಮಾಡಬೇಕು ಅನ್ನುವುದು ಹುಟ್ಟಿದಾಗಲೇ ತೀರ್ಮಾನ.

ಆಸ್ತಿಯಲ್ಲೂ ಹುಟ್ಟೇ ಆಧಾರ. ಪಿತ್ರಾರ್ಜಿತದಲ್ಲಿ ಮಗನಿಗೆ ಹಕ್ಕು ಬರುವುದು ಅಪ್ಪ ಸತ್ತ ಮೇಲಲ್ಲ, ಮಗ ಹುಟ್ಟಿದ ಗಳಿಗೆಯಲ್ಲೇ - ಇದು ಮಿತಾಕ್ಷರಾದ ಹೃದಯ. ಬಂಗಾಳದ ಕಡೆ ಜೀಮೂತವಾಹನನ ದಾಯಭಾಗ ಇದನ್ನು ಒಪ್ಪಲಿಲ್ಲ, ಅಪ್ಪ ಇರುವವರೆಗೆ ಮಗನಿಗೆ ಹಕ್ಕಿಲ್ಲ ಎಂದಿತು. ಭಾರತದ ಉಳಿದ ಬಹುಭಾಗದಲ್ಲಿ ಗೆದ್ದದ್ದು ಕಲ್ಯಾಣದ ಪುಸ್ತಕ. 1810ರಲ್ಲಿ ಕೋಲ್‌ಬ್ರೂಕ್ ಇದರ ದಾಯವಿಭಾಗವನ್ನು ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷ್ ಕೋರ್ಟುಗಳಿಗೂ ಇದೇ ಆಧಾರವಾಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೂ ಅವಿಭಕ್ತ ಕುಟುಂಬದ ಈ ಹಕ್ಕನ್ನು ಪೂರ್ತಿ ತೆಗೆಯಲಿಲ್ಲ. ಹುಟ್ಟಿನಿಂದ ಬರುವ ಆ ಹಕ್ಕು ಹೆಣ್ಣುಮಕ್ಕಳಿಗೂ ಸಿಕ್ಕಿದ್ದು ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ, ಇಡೀ ದೇಶಕ್ಕೆ 2005ರಲ್ಲಿ. ಅಂದರೆ ವಿಜ್ಞಾನೇಶ್ವರನ ಕೋಡಿಗೆ ಈ ಒಂದು ಪ್ಯಾಚ್ ಹಾಕಲು ನಮಗೆ ಒಂಬೈನೂರು ವರ್ಷ ಹಿಡಿಯಿತು.

ಈ ಉತ್ತರದಲ್ಲಿ ಒಂದು ಜಾಣತನ ಇದೆ, ಒಪ್ಪಬೇಕು. ಕುಡುಕ ಅಪ್ಪ ಹೊಲ ಮಾರಲು ಹೊರಟರೆ ಮಗ ಅಡ್ಡ ನಿಲ್ಲಬಹುದು, ಹೊಲ ಉಳಿಯುತ್ತದೆ. ಪಿಂಚಣಿ, ವಿಮೆ ಏನೂ ಇಲ್ಲದ ಕಾಲದಲ್ಲಿ ಕುಟುಂಬದ ಹೊಲವೇ ಪಿ.ಎಫ್. ಆದರೆ ಅಜ್ಜನಿಗೇ ಹೊಲ ಇಲ್ಲದಿದ್ದರೆ? ಆಗ ಹುಟ್ಟಿನಿಂದ ಬರುವುದು ಬರೀ ಸಾಲ. ಅದಕ್ಕೂ ನಿಯಮ ಇದೆ: ಅಪ್ಪನ ಸಾಲವನ್ನು ಮಗ, ಮೊಮ್ಮಗ ತೀರಿಸಬೇಕು. ಉಳ್ಳವನ ಮಗ ಹಕ್ಕಿನ ಜತೆ ಹುಟ್ಟುತ್ತಾನೆ, ಇಲ್ಲದವನ ಮಗ ಬಾಕಿಯ ಜತೆ ಹುಟ್ಟುತ್ತಾನೆ. ಈ ಬಾಕಿಯ ಕಥೆ ಎಲ್ಲಿಯವರೆಗೆ ಹೋಯಿತು ಅಂತ ಮುಂದೆ ಹೇಳುತ್ತೇನೆ.

*

ವಿಕ್ರಮಾದಿತ್ಯ ಹೋಗಿ ನಲವತ್ತು ವರ್ಷ ಕಳೆಯುವುದರೊಳಗೆ ಚಾಲುಕ್ಯರ ಗದ್ದುಗೆ ಕಳಚೂರಿ ಬಿಜ್ಜಳನ ಕೈಗೆ ಬಂದಿತ್ತು. ಬಸವಣ್ಣ ಅವನ ಭಂಡಾರಿ. ಖಜಾನೆ ನೋಡಿಕೊಳ್ಳುವವನಿಗೆ ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎನ್ನುವುದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಎರಡನೇ ಉತ್ತರ ಅಲ್ಲಿಂದ ಬಂದದ್ದರಲ್ಲಿ ಆಶ್ಚರ್ಯ ಇಲ್ಲ.

ಶಾಸನಗಳಲ್ಲಿ ಬಸವಣ್ಣನ ಹೆಸರು ಕಡಿಮೆ. 1260ರ ಅರ್ಜುನವಾಡ ಶಾಸನ (ಹುಕ್ಕೇರಿ ತಾಲೂಕು) ಅದರಲ್ಲಿ ಮುಖ್ಯವಾದದ್ದು. ಮಹಾಮನೆಯ ಕಥೆಗಳು ನಮಗೆ ಬಂದಿರುವುದು ವಚನಗಳಿಂದ, ಹರಿಹರನ ರಗಳೆಯಿಂದ, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಿಂದ, ಹದಿನೈದನೇ ಶತಮಾನದ ಶೂನ್ಯಸಂಪಾದನೆಗಳಿಂದ. ಹಾಗಾಗಿ ಕಥೆಗಳನ್ನು ಕಥೆಗಳಂತೆಯೇ ಹೇಳುತ್ತೇನೆ. ಆದರೆ ವಚನಕಾರರ ಹೆಸರುಗಳನ್ನು ಒಮ್ಮೆ ಸಾಲಾಗಿ ಓದಿ ನೋಡಿ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ತುರುಗಾಹಿ ರಾಮಣ್ಣ, ಒಕ್ಕಲಿಗ ಮುದ್ದಣ್ಣ, ಡೋಹರ ಕಕ್ಕಯ್ಯ, ಹಡಪದ ಅಪ್ಪಣ್ಣ, ಕೊಟ್ಟಣದ ಸೋಮವ್ವೆ, ಕದಿರ ರೆಮ್ಮವ್ವೆ, ಸೂಳೆ ಸಂಕವ್ವೆ. ಕಲ್ಲಿನಲ್ಲಿ ಹೆಸರಿಲ್ಲದವರು ಅಂತ ಮೇಲೆ ಹೇಳಿದೆನಲ್ಲ, ಅವರೇ ಇವರು. ಬಟ್ಟೆ ಒಗೆಯುವುದು, ದೋಣಿ ನಡೆಸುವುದು, ಬುಟ್ಟಿ ಹೆಣೆಯುವುದು, ಹಗ್ಗ ಹೊಸೆಯುವುದು, ದನ ಕಾಯುವುದು, ತೊಗಲು ಹದ ಮಾಡುವುದು, ಬತ್ತ ಕುಟ್ಟುವುದು, ನೂಲು ತೆಗೆಯುವುದು. ಮುಚ್ಚಿಡಬೇಕಾಗಿದ್ದ ಕೆಲಸವನ್ನು ಹೆಸರಿನ ಮುಂದೆ ಬಿರುದಿನ ಹಾಗೆ ಇಟ್ಟುಕೊಂಡ ಜನ ಇವರು.

ಜಾತಿಯ ಕಸುಬನ್ನೇ ಇವರು ಮುಂದುವರಿಸಿದರಲ್ಲ, ಹೊಸದೇನು ಬಂತು ಅಂತ ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಕಥೆಗಳಲ್ಲೇ ಇದೆ. ಮೋಳಿಗೆಯ ಮಾರಯ್ಯ ಕಾಶ್ಮೀರದ ಅರಸನಾಗಿದ್ದು, ರಾಜ್ಯ ಬಿಟ್ಟು ಕಲ್ಯಾಣಕ್ಕೆ ಬಂದು ಸೌದೆ ಹೊರೆ ಮಾರುತ್ತಿದ್ದ ಅನ್ನುತ್ತಾರೆ. ಅದೇ ಕಾಶ್ಮೀರದಿಂದ ಬಿಲ್ಹಣ ಆಸ್ಥಾನ ಹುಡುಕಿಕೊಂಡು ಬಂದಿದ್ದ, ಇವನು ಸೌದೆ ಹುಡುಕಿಕೊಂಡು ಬಂದ! ಹುಟ್ಟಿಗೂ ಕಸುಬಿಗೂ ಗಂಟು ಬಿಚ್ಚಿತು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ. ನುಲಿಯ ಚಂದಯ್ಯ ಹಗ್ಗಕ್ಕೆ ಹುಲ್ಲು ಕೊಯ್ಯುವಾಗ ಕೊರಳ ಲಿಂಗ ನೀರಿಗೆ ಬಿತ್ತು. ಆತ ಎತ್ತಿಕೊಳ್ಳದೆ ಹುಲ್ಲು ಹೊತ್ತು ನಡೆದ, ಲಿಂಗವೇ ಬೆನ್ನು ಹತ್ತಿ ಬಂದಿತು. ಮಡಿವಾಳ ಮಾಚಯ್ಯ ನಡುವೆ ಬಂದು ಇಬ್ಬರಿಗೂ ರಾಜಿ ಮಾಡಿಸಬೇಕಾಯಿತು. ದೇವರು ಕೂಡ ಶಿಫ್ಟ್ ಮುಗಿಯುವವರೆಗೆ ಕಾಯಬೇಕು ಅಂತ ಹೇಳುವ ಧೈರ್ಯ ಇವತ್ತಿನ ಯಾವ ಯೂನಿಯನ್ನಿಗೂ ಇಲ್ಲ :-)

ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಆಯ್ದಕ್ಕಿ ಲಕ್ಕಮ್ಮನ ಕಥೆ. ಗಂಡ ಮಾರಯ್ಯ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವವನು. ಅದೇ ಕಾಯಕ, ಅದರಲ್ಲೇ ಮನೆ, ಅದರಲ್ಲೇ ಬಂದವರಿಗೆ ಊಟ. ಒಂದು ದಿನ ಬಸವಣ್ಣ ಬೇಕೆಂದೇ ಹೆಚ್ಚು ಅಕ್ಕಿ ಚೆಲ್ಲಿಸುತ್ತಾನೆ, ಮಾರಯ್ಯ ಅಷ್ಟನ್ನೂ ತುಂಬಿಕೊಂಡು ಬರುತ್ತಾನೆ. ಲಕ್ಕಮ್ಮ ನೋಡುತ್ತಾಳೆ. ಇವತ್ತಿಗೆ ಬೇಕಾದ್ದಕ್ಕಿಂತ ಇದು ಜಾಸ್ತಿ, ಹೋಗಿ ಅಲ್ಲೇ ಸುರಿದು ಬಾ ಅಂತ ಕಳಿಸುತ್ತಾಳೆ.

ಈ ಕಥೆಯನ್ನು ಬಡವರಿಗೆ ತೃಪ್ತಿಯ ಪಾಠ ಹೇಳಲು ಬಳಸುವವರನ್ನು ನೋಡಿದ್ದೇನೆ. 'ಇದ್ದದ್ದರಲ್ಲಿ ಸಂತೋಷವಾಗಿರು, ಸಂಬಳ ಹೆಚ್ಚು ಕೇಳಬೇಡ.' ಇದು ಪೂರ್ತಿ ತಲೆಕೆಳಗು. ಲಕ್ಕಮ್ಮ ಹೆಚ್ಚಿನ ಅಕ್ಕಿಯನ್ನು ನಿರಾಕರಿಸಬಹುದಾಗಿದ್ದು ಯಾಕೆ? ನಾಳೆಯೂ ಅಂಗಳದಲ್ಲಿ ಅಕ್ಕಿ ಇರುತ್ತದೆ ಎಂಬ ನಂಬಿಕೆ ಇದ್ದದ್ದರಿಂದ. ಭದ್ರತೆ ಇಲ್ಲದವಳು ಮುಷ್ಟಿ ಅಕ್ಕಿಯನ್ನೂ ಮಡಕೆಯಲ್ಲಿ ಬಚ್ಚಿಡುತ್ತಾಳೆ, ಇಡಲೇಬೇಕು. ಇನ್ನೊಂದು ವಿಷಯ: ಆ ಹೆಚ್ಚಿನ ಅಕ್ಕಿ ದಾನವಾಗಿ ಬಂದದ್ದು. ದುಡಿಮೆಗೆ ಬಂದದ್ದು ಬೇರೆ, ದೊಡ್ಡವರ ಕೃಪೆಯಿಂದ ಬಂದದ್ದು ಬೇರೆ ಅಂತ ರಾಜ್ಯದ ಭಂಡಾರಿಯ ಮುಖಕ್ಕೆ ಹೇಳಿ ಕಳಿಸಿದ ಹೆಂಗಸು ಆಕೆ.

ಇಲ್ಲಿಗೆ ಎರಡನೇ ಉತ್ತರದ ಎರಡು ಭಾಗಗಳೂ ಬಂದವು. ಕಾಯಕ: ಎಲ್ಲರೂ ದುಡಿಯಬೇಕು, ಯಾವ ದುಡಿಮೆಯೂ ಕೀಳಲ್ಲ. ದಾಸೋಹ: ದುಡಿದದ್ದರಲ್ಲಿ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಸಮುದಾಯಕ್ಕೆ ಸಲ್ಲಿಸಬೇಕು. ಮೊದಲನೆಯದು ಸಮಾನತೆಗೆ, ಎರಡನೆಯದು ಭದ್ರತೆಗೆ. ಒಂದನ್ನು ಬಿಟ್ಟು ಇನ್ನೊಂದು ನಿಲ್ಲುವುದಿಲ್ಲ. ಆದರೆ ನಮ್ಮ ಆಫೀಸುಗಳ ಗೋಡೆಗೆ ಬಂದಿರುವುದು ಮೊದಲನೆಯದು ಮಾತ್ರ. ಕಾಯಕದ ಬಗೆಗಿನ ಆ ಎರಡು ಪದಗಳನ್ನು ವಿಧಾನಸೌಧದಿಂದ ಹಿಡಿದು ಪಂಚಾಯತಿವರೆಗೆ ಎಲ್ಲರೂ ಬಲ್ಲರು. ದಾಸೋಹದ ಬೋರ್ಡು ಇರುವುದು ಮಠದ ಊಟದ ಹಾಲಿಗೆ ಮಾತ್ರ. ಕಾಯಕ ಕೆಲಸಗಾರನಿಗೆ ಹೇಳುವ ಮಾತಾಯಿತು, ದಾಸೋಹ ಯಜಮಾನನಿಗೆ ಹೇಳಬೇಕಾದ ಮಾತು ಅನ್ನುವುದು ಮರೆತೇಹೋಯಿತು.

ಕಲ್ಯಾಣದ ಪ್ರಯೋಗ ಮುರಿದದ್ದು ಎಲ್ಲರಿಗೂ ಗೊತ್ತು. ಚಮ್ಮಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯಿತು. ಪುರಾಣಗಳು ವಿವರದಲ್ಲಿ ಬೇರೆ ಬೇರೆ ಹೇಳಿದರೂ ಅಪ್ಪಂದಿರಿಬ್ಬರಿಗೂ ಘೋರ ಶಿಕ್ಷೆಯಾಯಿತು ಅನ್ನುವುದರಲ್ಲಿ ಒಂದೇ. 1167-68ರ ಹೊತ್ತಿಗೆ ಬಿಜ್ಜಳನ ಕೊಲೆ, ಶರಣರ ಚದುರುವಿಕೆ, ಚನ್ನಬಸವಣ್ಣ ಮತ್ತು ಸಂಗಡಿಗರು ಉಳವಿಯ ಕಾಡಿನ ಕಡೆಗೆ. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಒಟ್ಟಿಗೆ ದುಡಿಯುವುದು, ಒಟ್ಟಿಗೆ ಉಣ್ಣುವುದು ನಡೆದಾಗ ರಾಜ್ಯ ಸಹಿಸಿಕೊಂಡಿತ್ತು. ಮದುವೆಯಾದ ದಿನ ಸಹಿಸಲಿಲ್ಲ. ಮದುವೆ ಅಂದರೆ ಮುಂದಿನ ಪೀಳಿಗೆಯ ಹುಟ್ಟು, ಅಂದರೆ ಮೊದಲ ಉತ್ತರದ ಬುಡಕ್ಕೇ ಕೊಡಲಿ.

ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ ಎರಡನೇ ಉತ್ತರಕ್ಕೆ ಒಂದು 'ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್' ಇತ್ತು. ಎಲ್ಲವೂ ಒಂದು ಮಹಾಮನೆಯ ಮೇಲೆ ನಿಂತಿತ್ತು. ಮಿತಾಕ್ಷರಾ ಪ್ರತಿ ಮನೆಯಲ್ಲೂ, ಪ್ರತಿ ಕೋರ್ಟಿನಲ್ಲೂ ಒಂದೊಂದು ಪ್ರತಿ ಇಟ್ಟುಕೊಂಡು ಬದುಕಿತು. ಮಹಾಮನೆ ಬಿದ್ದಾಗ ಅಂಗಳದ ಅಕ್ಕಿಯೂ ಹೋಯಿತು. ಒಳ್ಳೆಯವರ ಒಳ್ಳೆಯತನದ ಮೇಲೆ ನಿಂತ ಭದ್ರತೆ ಆ ಒಳ್ಳೆಯವರು ಇರುವವರೆಗೆ ಮಾತ್ರ.

*

ಮಧ್ಯದ ಏಳುನೂರು ವರ್ಷವನ್ನು ಬೇಗ ದಾಟುತ್ತೇನೆ. ಕಲ್ಯಾಣ ಹೋಗಿ ಕಲ್ಯಾಣಿ ಆಯಿತು, ನಿಜಾಮರ ಕಾಲದಲ್ಲಿ ಅದಕ್ಕೆ ತನ್ನದೇ ನವಾಬ. ಬೀದರ್ ಸೀಮೆಯಲ್ಲಿ ಎಷ್ಟೋ ಊರು ಜಾಗೀರು, ಪಾಯಗಾಗಳ ಕೈಯಲ್ಲಿ. ಇದೇ ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಹುಮನಾಬಾದಿನ ಪಕ್ಕ ಮಾಣಿಕನಗರ ಕಟ್ಟಿದರು. ಹಿಂದೂ ಮುಸ್ಲಿಂ ಅನ್ನದೆ ಜನ ಬಂದರು, ಬಂದವರಿಗೆ ಅನ್ನ ಸಿಕ್ಕಿತು. ದಾಸೋಹ ಹೀಗೆ ಮಠಗಳಲ್ಲಿ, ಸಂಸ್ಥಾನಗಳಲ್ಲಿ ಉಸಿರು ಹಿಡಿದುಕೊಂಡಿತ್ತು. ಆದರೆ ಹೊಲದಲ್ಲಿ ನಡೆಯುತ್ತಿದ್ದದ್ದು ಬೇರೆ.

ಹುಟ್ಟಿನ ಜತೆ ಬರುವ ಬಾಕಿ ಅಂದೆನಲ್ಲ, ಅದಕ್ಕೆ ಜೀತ ಅಂತ ಹೆಸರು. ಹೈದರಾಬಾದ್ ಸಂಸ್ಥಾನದಲ್ಲಿ ಭಗೇಲ ಅಂತಲೂ ಅನ್ನುತ್ತಿದ್ದರು. ಅಪ್ಪ ಮದುವೆಗೋ ಕಾಯಿಲೆಗೋ ಪಡೆದ ಸಾಲಕ್ಕೆ ಮಗ ದುಡಿಯಬೇಕು, ಅಸಲು ಎಂದೂ ಕರಗದು. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಭಾರತಕ್ಕೆ ಸೇರಿತು, 1949ರಲ್ಲಿ ಜಾಗೀರುಗಳು ರದ್ದಾದವು. ಜೀತ ಮಾತ್ರ ರದ್ದಾಗಲು 1976ರ ಕಾಯ್ದೆ ಬರಬೇಕಾಯಿತು. ಆ ಕಾಯ್ದೆಯ ವ್ಯಾಖ್ಯೆಯ ಭಾಗದಲ್ಲಿ ದೇಶದ ಬೇರೆ ಬೇರೆ ಕಡೆ ಈ ಪದ್ಧತಿಗಿದ್ದ ಹೆಸರುಗಳ ಪಟ್ಟಿಯೇ ಇದೆ. ಅದರಲ್ಲಿ ಭಗೇಲ ಇದೆ, ಜೀತ ಇದೆ, ವೆಟ್ಟಿ ಇದೆ. ಒಣಗಿದ ಕಾನೂನಿನ ಪುಟದಲ್ಲಿ ನಮ್ಮ ಸೀಮೆಯ ಪದಗಳು ಕಂಡಾಗ ಒಂದು ಕ್ಷಣ ಓದು ನಿಲ್ಲುತ್ತದೆ. ಹಕ್ಕು ಹುಟ್ಟಿನಿಂದ ಬರುತ್ತದೆ ಎಂಬ ಉತ್ತರದ ಇನ್ನೊಂದು ಮಗ್ಗುಲನ್ನು ಸಂಸತ್ತು ರದ್ದು ಮಾಡಿದ ದಿನ ಅದು, ವಿಜ್ಞಾನೇಶ್ವರನ ಹೆಸರು ಹೇಳ ಹೋಗಲಿಲ್ಲ, ಅಷ್ಟೇ.

*

ಇನ್ನು ಇವತ್ತಿನದು. ಮೊದಲ ಉತ್ತರ ಸತ್ತಿದೆಯೇ? ನನಗನ್ನಿಸುವುದು, ಅದು ಬಟ್ಟೆ ಬದಲಿಸಿದೆ.

ವಿಶ್ವಬ್ಯಾಂಕಿನಲ್ಲಿ ಬಹಳ ವರ್ಷ ಕೆಲಸ ಮಾಡಿದ ಬ್ರಾಂಕೊ ಮಿಲನೋವಿಚ್ ಎಂಬ ಅರ್ಥಶಾಸ್ತ್ರಜ್ಞ ಇಡೀ ಜಗತ್ತಿನ ಜನರ ಆದಾಯ ಹೋಲಿಸಿ ನೋಡಿದ. ಒಬ್ಬನಿಗೂ ಇನ್ನೊಬ್ಬನಿಗೂ ಇರುವ ವ್ಯತ್ಯಾಸದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಅವರು ಯಾವ ದೇಶದವರು ಅನ್ನುವುದರಿಂದಲೇ ತೀರ್ಮಾನವಾಗುತ್ತದೆ ಅಂತ ಅವನ ಲೆಕ್ಕ ಹೇಳಿತು. ನಮ್ಮ ಬ್ಲಾಗಿಗರಲ್ಲಿ ಅರ್ಧ ಜನ ಸಾಫ್ಟ್‌ವೇರಿನವರು, ನಿಮಗೆ ಇದು ಬಿಡಿಸಿ ಹೇಳಬೇಕಿಲ್ಲ. ಅದೇ ಕೋಡು, ಅದೇ ಬಗ್, ಅದೇ ಮೀಟಿಂಗು. ಅತ್ತ ಕೂತವನಿಗೆ ಡಾಲರಿನಲ್ಲಿ ಸಂಬಳ, ಇತ್ತ ಕೂತವನಿಗೆ ರೂಪಾಯಿಯಲ್ಲಿ. ಆನ್‌ಸೈಟಿಗೆ ಹೋದವನು ಬುದ್ಧಿವಂತನಾಗುವುದಿಲ್ಲ, ಅವನು ನಿಂತ ನೆಲ ಬದಲಾಗುತ್ತದೆ, ಅಷ್ಟೇ. ಸರಕು ಗಡಿ ದಾಟಬಹುದು, ದುಡ್ಡು ಗಡಿ ದಾಟಬಹುದು, ದುಡಿಯುವವನು ದಾಟಬೇಕಾದರೆ ಮಾತ್ರ ವೀಸಾ. ಪಾಸ್‌ಪೋರ್ಟ್ ಅಂದರೆ ಇವತ್ತಿನ ಪಿತ್ರಾರ್ಜಿತ ಆಸ್ತಿ.

ಗಡಿಯೊಳಗೂ ಇದೇ ಕಥೆ. ಪ್ರಾದೇಶಿಕ ಅಸಮತೋಲನ ನೋಡಲು ನೇಮಿಸಿದ್ದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ರಾಜ್ಯದ ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ 21 ಆಗಿನ ಗುಲ್ಬರ್ಗ ವಿಭಾಗದಲ್ಲೇ ಇದ್ದವು. ಆಮೇಲೆ 2012ರ 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 371ಜೆ ವಿಧಿ ಬಂದಿತು. ನಮ್ಮ ಕಡೆಯವರಿಗೆ ಸರ್ಕಾರಿ ಹುದ್ದೆಗಳಲ್ಲಿ, ಕಾಲೇಜು ಸೀಟುಗಳಲ್ಲಿ ಮೀಸಲಾತಿ. ಯಾರಿಗೆ ಅಂತ ಅದರಲ್ಲಿ ಹೇಳಿರುವ ಆಧಾರ ಎರಡು: ಈ ಪ್ರದೇಶದಲ್ಲಿ ಹುಟ್ಟಿರಬೇಕು, ಇಲ್ಲವೇ ಇಲ್ಲೇ ನೆಲೆಸಿರಬೇಕು. ಹುಟ್ಟಿನಿಂದಾದ ಅನ್ಯಾಯವನ್ನು ಸರಿಮಾಡಲು ಹುಟ್ಟನ್ನೇ ಹಿಡಿಯಬೇಕಾಯಿತು! 2019ರಲ್ಲಿ ಈ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಅಂತ ಹೆಸರೂ ಬಂದಿತು. 371ಜೆ ನಮ್ಮ ಎಷ್ಟೋ ಹುಡುಗರ ಕೈ ಹಿಡಿದಿದೆ, ಅದನ್ನು ಹಗುರ ಮಾಡುತ್ತಿಲ್ಲ. ಆದರೆ ಅದು ಖಾಸಗಿ ಕೆಲಸಕ್ಕೆ ಬರುವುದಿಲ್ಲ. ಹೈದರಾಬಾದಿನ ಹತ್ತನೇ ಮಹಡಿಯಲ್ಲಿ ಸೆಂಟ್ರಿಂಗ್ ಕಟ್ಟುವವನಿಗಂತೂ ಅದರಿಂದ ಏನೂ ಇಲ್ಲ.

ಆ ಮನುಷ್ಯನ ಸ್ಥಿತಿ ಏನು ಅನ್ನುವುದು 2020ರಲ್ಲಿ ಗೊತ್ತಾಯಿತು. ಮಾರ್ಚ್ 25ರಿಂದ ಲಾಕ್‌ಡೌನ್, ಕೆಲಸ ಇಲ್ಲ, ಕೂಲಿ ಇಲ್ಲ, ಬಸ್ಸೂ ಇಲ್ಲ. ಮೇ 5ರಂದು ಬಿಲ್ಡರುಗಳ ಜತೆ ಮುಖ್ಯಮಂತ್ರಿಗಳ ಸಭೆ ನಡೆದ ದಿನವೇ, ಹೊರ ರಾಜ್ಯದ ಕಾರ್ಮಿಕರನ್ನು ಊರಿಗೆ ಕಳಿಸಲು ಕೇಳಿದ್ದ ರೈಲುಗಳನ್ನು ಕರ್ನಾಟಕ ಸರ್ಕಾರ ಬೇಡ ಅಂದಿತು. ಗಲಾಟೆಯಾದ ಮೇಲೆ ಎರಡು ದಿನದಲ್ಲಿ ಆ ತೀರ್ಮಾನ ಬದಲಾಯಿತು. ಹಿಡಿದಿಟ್ಟುಕೊಳ್ಳಲು ಆ ಜನ ಬೇಕು, ಕೂರಿಸಿ ಉಣಿಸಲು ಯಾರೂ ಇಲ್ಲ. ಕಾಯಕ ಇತ್ತು, ದಾಸೋಹ ಇರಲಿಲ್ಲ.

ಹಾಗಂತ ಎರಡನೇ ಉತ್ತರ ಪೂರ್ತಿ ಸತ್ತಿಲ್ಲ. ಅದನ್ನು ನಾವು ಬೇರೆ ಹೆಸರಲ್ಲಿ, ತುಂಡು ತುಂಡಾಗಿ, ಕಾನೂನಿಗೆ ಹಾಕಿಕೊಂಡಿದ್ದೇವೆ. ಉದ್ಯೋಗ ಖಾತರಿ ಯೋಜನೆ 2006ರ ಫೆಬ್ರವರಿ 2ರಂದು ಶುರುವಾದಾಗ ಮೊದಲ ಹಂತದ 200 ಜಿಲ್ಲೆಗಳಲ್ಲಿ ಬೀದರ್ ಒಂದು. ವರ್ಷಕ್ಕೆ 100 ದಿನ ಕೆಲಸ ಕೇಳುವುದು ಹಕ್ಕು, ಕೊಡದಿದ್ದರೆ ಭತ್ಯೆ. ಕೃಪೆಯ ಅಕ್ಕಿ ಬೇಡ, ದುಡಿಮೆಯ ಅಕ್ಕಿ ಕೊಡು ಅನ್ನುವ ಲಕ್ಕಮ್ಮನ ಮಾತಿಗೆ ಇದು ಹತ್ತಿರ. 2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಾಯ್ದೆಯ ಬದಲಿಗೆ 125 ದಿನದ ಹೊಸ ಕಾಯ್ದೆ ತಂದಿತು. ಬದಲಾವಣೆಯಿಂದ ಹಕ್ಕು ಗಟ್ಟಿಯಾಯಿತೋ ಸಡಿಲವಾಯಿತೋ ಅನ್ನುವ ಜಗಳ ನಡೆದೇ ಇದೆ.

ಇನ್ನೊಂದು ನನಗೆ ಇನ್ನೂ ಇಷ್ಟ. 1996ರಲ್ಲಿ ಕಟ್ಟಡ ಕಾರ್ಮಿಕರ ಸೆಸ್ ಕಾಯ್ದೆ ಬಂದಿತು. ಯಾರೇ ದೊಡ್ಡ ಕಟ್ಟಡ ಕಟ್ಟಿಸಲಿ, ವೆಚ್ಚದ ಶೇ. 1ರಿಂದ 2ರವರೆಗೆ ಕಾರ್ಮಿಕರ ಕಲ್ಯಾಣ ನಿಧಿಗೆ ಕೊಡಬೇಕು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾದ ಮೇಲೆ ಇದೂ ಸಾಮಾಜಿಕ ಭದ್ರತೆಯ ಸಂಹಿತೆಯೊಳಗೆ ಸೇರಿದೆ. ಅದೇ 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗೂ ಕಾಯ್ದೆ ಮಾಡಿತು. ಡೆಲಿವರಿ, ಟ್ಯಾಕ್ಸಿಯ ಆಪ್ ಕಂಪನಿಗಳು ಪ್ರತಿ ವ್ಯವಹಾರದಲ್ಲಿ ಕೆಲಸಗಾರನಿಗೆ ಕೊಡುವ ಹಣದ ಶೇ. 1ರಿಂದ 5ರವರೆಗಿನ ಮೊತ್ತವನ್ನು ಕಲ್ಯಾಣ ಶುಲ್ಕವಾಗಿ ಕಟ್ಟಬೇಕು. ಕೆಲಸದಿಂದ ತೆಗೆಯುವುದಾದರೆ 14 ದಿನದ ನೋಟಿಸ್. ಎರಡಕ್ಕೂ ಕಾನೂನು ಕೊಟ್ಟ ಪದ 'ಕಲ್ಯಾಣ' ಅನ್ನುವುದನ್ನು ನೋಡಿ!

ಇದು ದಾಸೋಹವೇ, ಆದರೆ ಮಹಾಮನೆ ಇಲ್ಲದ ದಾಸೋಹ. ಯಜಮಾನ ಒಳ್ಳೆಯವನಾಗಿರಬೇಕೆಂದಿಲ್ಲ, ಕೊಡುವಾಗ ಅವನ ಹೆಸರು ಹೇಳಬೇಕಿಲ್ಲ, ತಗೊಳ್ಳುವವನು ಕೈ ಮುಗಿಯಬೇಕಿಲ್ಲ. ಬಿಜ್ಜಳ ಬಂದರೂ ಹೋದರೂ ಪಾಲು ಸಲ್ಲುತ್ತಿರಬೇಕು. ಶರಣರ ಉತ್ತರಕ್ಕೆ ಮಿತಾಕ್ಷರಾದ ಆಯುಷ್ಯ ಕೊಡುವ ದಾರಿ ಇದೇ ಅಂತ ನನಗೆ ಅನ್ನಿಸುತ್ತದೆ. ಮೊತ್ತ ಚಿಕ್ಕದು, ಜಾರಿ ಕುಂಟುತ್ತದೆ, ಕಾರ್ಡು ಮಾಡಿಸಲು ಕಚೇರಿಗೆ ಅಲೆದು ಎರಡು ದಿನದ ಕೂಲಿ ಕಳೆದುಕೊಳ್ಳುವವರಿದ್ದಾರೆ. ಬೀದರಿನವನು ಹೈದರಾಬಾದಿನಲ್ಲಿ ದುಡಿದರೆ ಯಾವ ರಾಜ್ಯದ ಮಂಡಳಿಯ ಬಾಗಿಲು ತಟ್ಟಬೇಕು ಅನ್ನುವುದು ಅವನಿಗೇ ತಿಳಿದಿರುವುದಿಲ್ಲ. ಜಗತ್ತೆಲ್ಲ ಒಂದೇ ಮಾರುಕಟ್ಟೆ, ಭದ್ರತೆ ಮಾತ್ರ ರಾಜ್ಯದ ಗಡಿಗೆ ನಿಲ್ಲುತ್ತದೆ. ಹುಮನಾಬಾದಿನಂಥ ಗಡಿಯ ಊರಿಗೆ ಇದು ದೊಡ್ಡ ಮಾತು.

ಬಸವಕಲ್ಯಾಣದಲ್ಲಿ ಈಗ 108 ಅಡಿಯ ಬಸವಣ್ಣನ ಮೂರ್ತಿ ಇದೆ. ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಹಾಕಿದರು. 2024ರಲ್ಲಿ ಸರ್ಕಾರ ಬಸವಣ್ಣನನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಎಲ್ಲವೂ ಸಂತೋಷವೇ. ನನ್ನದೊಂದು ಸಣ್ಣ ಆಸೆ: ಅಲ್ಲಿಗೆ ಹೋಗುವ ಮಕ್ಕಳಿಗೆ ಕಾಯಕದ ಪದಗಳ ಪಕ್ಕ ಈ ಸೆಸ್ಸಿನ ಲೆಕ್ಕವನ್ನೂ ಒಂದು ಫಲಕದಲ್ಲಿ ಬರೆದು ತೋರಿಸಬೇಕು. ಎಷ್ಟು ಬಂದಿತು, ಯಾರಿಗೆ ಹೋಯಿತು, ಎಷ್ಟು ಹಾಗೇ ಕೂತಿದೆ. ಭಂಡಾರಿಯ ಊರಿನಲ್ಲಿ ಲೆಕ್ಕ ಕೇಳಿದರೆ ಯಾರೂ ತಪ್ಪು ತಿಳಿಯಬಾರದು.

ನಿಮ್ಮ ಮನೆ ಕಟ್ಟಿದ ಮೇಸ್ತ್ರಿಯ ಹತ್ತಿರ ಆ ಕಾರ್ಡು ಇದೆಯಾ? ಕೇಳಿ ನೋಡಿ, ಏನಂದರು ಅಂತ ಬರೆಯಿರಿ.